ಹಲ್ಲಿನ ಚಿಕಿತ್ಸೆಗೆ ಪೂರ್ತಿ ನಿದ್ದೆ: ಯಾರಿಗೆ ಬೇಕು, ಯಾರಿಗೆ ಬೇಡ?

ಇನ್‌ಸ್ಟಾಗ್ರಾಂನಲ್ಲಿ ಅಂಥ ರೀಲ್ಸ್ ನೀವೂ ನೋಡಿರುತ್ತೀರಿ. ಅಮೆರಿಕದ ಯಾರೋ ಹುಡುಗ ಬುದ್ಧಿಹಲ್ಲು ಕೀಳಿಸಿಕೊಂಡು ಕಾರಿನಲ್ಲಿ ಕೂತಿರುತ್ತಾನೆ. ಬಾಯಿ ತುಂಬ ಹತ್ತಿ, ಕಣ್ಣು ಅರ್ಧ ಮುಚ್ಚಿದೆ, ಮಾತು ತೊದಲುತ್ತಿದೆ. ಪಕ್ಕದಲ್ಲಿರುವ ಅಮ್ಮನನ್ನೇ 'ನೀವ್ಯಾರು?' ಎಂದು ಕೇಳುತ್ತಾನೆ. ನಮ್ಮ ಹಾಸ್ಟೆಲ್‌ನಲ್ಲಿ ಇಂಥ ವಿಡಿಯೊ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕವರಲ್ಲಿ ನನ್ನ ರೂಮ್‌ಮೇಟ್ ಕೂಡ ಒಬ್ಬಳು. ಕಳೆದ ಸೆಮಿಸ್ಟರ್‌ನಲ್ಲಿ ಅವಳದೇ ಬುದ್ಧಿಹಲ್ಲು ಅಡ್ಡ ಬೆಳೆದು ದವಡೆ ಊದಿಕೊಂಡಾಗ ನಗು ನಿಂತಿತು. 'ನನಗೂ ಹಂಗೇ ಪ್ರಜ್ಞೆ ತಪ್ಪಿಸ್ತಾರೇನೇ?' ಎಂದು ರಾತ್ರಿಯಿಡೀ ಗೂಗಲ್ ಮಾಡಿದಳು. ಯಾರೂ ತಪ್ಪಿಸಲಿಲ್ಲ. ವಸಡಿಗೆ ಇಂಜೆಕ್ಷನ್ ಕೊಟ್ಟರು, ಮುಕ್ಕಾಲು ಗಂಟೆಯಲ್ಲಿ ಹಲ್ಲು ಹೊರಬಂತು. ಸಂಜೆ ಐಸ್‌ಕ್ರೀಂ ತಿನ್ನುತ್ತಾ ಇಂಟರ್ನಲ್ಸ್‌ಗೆ ಓದುತ್ತಿದ್ದಳು.

ಅದೇ ತಿಂಗಳು ನಮ್ಮ ಮನೆಯಲ್ಲಿ ಇನ್ನೊಂದು ಸಂಗತಿ ನಡೆಯುತ್ತಿತ್ತು. ನನ್ನ ಚಿಕ್ಕಮ್ಮನ ಒಂಬತ್ತು ವರ್ಷದ ಮಗನಿಗೆ ಹಲ್ಲಿನ ಚಿಕಿತ್ಸೆಗಾಗಿ ಸಂಪೂರ್ಣ ಅರಿವಳಿಕೆ ಅಂದರೆ ಜನರಲ್ ಅನಸ್ತೇಷಿಯಾ ಕೊಡಲೇಬೇಕು ಎಂದು ವೈದ್ಯರು ಹೇಳಿದ್ದರು. 'ಹಲ್ಲು ನೋವಿಗೆ ಆಪರೇಷನ್ ಥಿಯೇಟರಾ?' ಎಂದು ನೆಂಟರೆಲ್ಲ ಹುಬ್ಬೇರಿಸಿದರು. ಒಬ್ಬರಿಗೆ ಒಂದು ಇಂಜೆಕ್ಷನ್ ಸಾಕಾಯಿತು, ಇನ್ನೊಬ್ಬನಿಗೆ ಯಾಕೆ ಸಾಲಲಿಲ್ಲ? ಓದುತ್ತಿರುವುದು ಎಲೆಕ್ಟ್ರಾನಿಕ್ಸ್ ಆದರೂ ಈ ಪ್ರಶ್ನೆಯ ಬೆನ್ನು ಹತ್ತಿದೆ. ತಿಳಿದದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ಹಲ್ಲಿನಿಂದಲೇ ಶುರುವಾದದ್ದು

ಅರಿವಳಿಕೆ ಎಂದರೆ ದೊಡ್ಡ ಶಸ್ತ್ರಚಿಕಿತ್ಸೆಗಳಿಗೆ ಹುಟ್ಟಿದ್ದು, ಆಮೇಲೆ ಹಲ್ಲಿನ ಡಾಕ್ಟರುಗಳು ಎರವಲು ಪಡೆದರು ಎಂದುಕೊಂಡಿದ್ದೆ. ಇತಿಹಾಸ ಉಲ್ಟಾ ಇದೆ. ಆಸ್ಪತ್ರೆಗಳಿಗೆ ಅರಿವಳಿಕೆಯನ್ನು ತಂದುಕೊಟ್ಟವರಲ್ಲಿ ದಂತವೈದ್ಯರೇ ಮುಂದಿದ್ದರು.

1800ರಲ್ಲೇ ಇಂಗ್ಲೆಂಡಿನ ಹಂಫ್ರಿ ಡೇವಿ ನೈಟ್ರಸ್ ಆಕ್ಸೈಡ್ ಅನಿಲವನ್ನು ತಾನೇ ಸೇವಿಸಿ ನೋಡಿ, ನೋವು ಕಡಿಮೆಯಾಗುತ್ತದೆ, ಶಸ್ತ್ರಚಿಕಿತ್ಸೆಗೆ ಉಪಯೋಗವಾದೀತು ಎಂದು ಬರೆದಿದ್ದ. ಅವನ ಸ್ವಂತ ಬುದ್ಧಿಹಲ್ಲಿನ ನೋವೇ ಅವನಿಗೆ ಪ್ರಯೋಗವಾಗಿತ್ತು. ಆದರೆ ನಾಲ್ಕು ದಶಕಕ್ಕೂ ಹೆಚ್ಚು ಕಾಲ ಆ ಮಾತನ್ನು ಯಾರೂ ಕೈಗೆತ್ತಿಕೊಳ್ಳಲಿಲ್ಲ. ಅನಿಲ ಮಾತ್ರ 'ಲಾಫಿಂಗ್ ಗ್ಯಾಸ್' ಎಂಬ ಹೆಸರಿನಲ್ಲಿ ಜಾತ್ರೆ ಆಟದ ಸರಕಾಯಿತು.

1844ರ ಡಿಸೆಂಬರ್ 10ರಂದು ಅಮೆರಿಕದ ಹಾರ್ಟ್‌ಫರ್ಡ್ ಊರಿನಲ್ಲಿ ಗಾರ್ಡ್ನರ್ ಕೋಲ್ಟನ್ ಎಂಬಾತ ಅಂಥದೊಂದು ಪ್ರದರ್ಶನ ನಡೆಸಿದ. ಅನಿಲ ಸೇವಿಸಿದ ಒಬ್ಬ ಯುವಕ ಕುಣಿದಾಡುವಾಗ ಕಾಲಿಗೆ ಗಾಯ ಮಾಡಿಕೊಂಡ. ರಕ್ತ ಸೋರುತ್ತಿದ್ದರೂ ಅವನಿಗೆ ನೋವೇ ಗೊತ್ತಾಗಲಿಲ್ಲ. ಸಭೆಯಲ್ಲಿದ್ದ ದಂತವೈದ್ಯ ಹೊರೇಸ್ ವೆಲ್ಸ್ ಇದನ್ನು ಗಮನಿಸಿದ. ಮಾರನೇ ದಿನವೇ ಕೋಲ್ಟನ್‌ನಿಂದ ಅನಿಲ ಪಡೆದು, ತನ್ನದೇ ದವಡೆಹಲ್ಲನ್ನು ಸಹೋದ್ಯೋಗಿಯಿಂದ ಕೀಳಿಸಿಕೊಂಡ. ನೋವಾಗಲಿಲ್ಲ.

ಮುಂದಿನ ತಿಂಗಳು ಬಾಸ್ಟನ್ನಿನಲ್ಲಿ ವೈದ್ಯ ವಿದ್ಯಾರ್ಥಿಗಳ ಎದುರು ಅವನು ಅದನ್ನೇ ಮಾಡಿ ತೋರಿಸಲು ಹೋದ. ಅನಿಲದ ಚೀಲವನ್ನು ಬೇಗ ತೆಗೆದುಬಿಟ್ಟದ್ದರಿಂದ ರೋಗಿ ಕಿರುಚಿದ. ಸೇರಿದವರು 'ಮೋಸ' ಎಂದು ಕೂಗಿದರು. ವೆಲ್ಸ್ ಮಾನಸಿಕವಾಗಿ ಕುಗ್ಗಿಹೋದ. ಅವನ ಜೊತೆ ಹಿಂದೆ ಕೆಲಸ ಮಾಡಿದ್ದ ಇನ್ನೊಬ್ಬ ದಂತವೈದ್ಯ ವಿಲಿಯಂ ಮಾರ್ಟನ್ 1846ರ ಸೆಪ್ಟೆಂಬರ್ 30ರಂದು ಈಥರ್ ಕೊಟ್ಟು ನೋವಿಲ್ಲದೆ ಹಲ್ಲು ಕಿತ್ತ. ಅಕ್ಟೋಬರ್ 16ರಂದು ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಕತ್ತಿನ ಗೆಡ್ಡೆಯ ಶಸ್ತ್ರಚಿಕಿತ್ಸೆಗೆ ಈಥರ್ ಕೊಟ್ಟು ಗೆದ್ದ. ಜಗತ್ತು ಆ ದಿನವನ್ನು ನೆನಪಿಟ್ಟುಕೊಂಡಿತು. ಕ್ಲೋರೋಫಾರ್ಮ್ ಚಟಕ್ಕೆ ಬಿದ್ದಿದ್ದ ವೆಲ್ಸ್ 1848ರ ಜನವರಿಯಲ್ಲಿ ನ್ಯೂಯಾರ್ಕಿನ ಜೈಲಿನಲ್ಲಿ ಪ್ರಾಣ ಕಳೆದುಕೊಂಡ. ಅರಿವಳಿಕೆಯನ್ನು ಕಂಡುಹಿಡಿದವನು ಅವನೇ ಎಂದು ಅಮೆರಿಕದ ದಂತವೈದ್ಯರ ಸಂಘ ಒಪ್ಪಿಕೊಂಡದ್ದು 1864ರಲ್ಲಿ, ಅವನು ಸತ್ತು ಹದಿನಾರು ವರ್ಷದ ಮೇಲೆ.

ಇಂಜೆಕ್ಷನ್ ಸಾಕಾಗುವುದು ಹೇಗೆ?

ಹಾಗಿದ್ದರೆ ಇವತ್ತು ಎಲ್ಲರಿಗೂ ನಿದ್ದೆ ಬರಿಸಿಯೇ ಯಾಕೆ ಹಲ್ಲು ಕೀಳುವುದಿಲ್ಲ? ಅದಕ್ಕಿಂತ ಸುಲಭವೂ ಸುರಕ್ಷಿತವೂ ಆದ ದಾರಿ ಸಿಕ್ಕಿದ್ದರಿಂದ. 1884ರಲ್ಲಿ ಕಾರ್ಲ್ ಕೋಲರ್ ಕಣ್ಣಿಗೆ ಕೊಕೇನ್ ಹನಿ ಹಾಕಿದರೆ ಅಷ್ಟು ಭಾಗ ಮಾತ್ರ ಮರಗಟ್ಟುತ್ತದೆ ಎಂದು ತೋರಿಸಿದ. ಕೊಕೇನಿನ ಚಟದ ಅಪಾಯವಿಲ್ಲದ ಔಷಧಿಗಳು ಆಮೇಲೆ ಬಂದವು. 1943ರಲ್ಲಿ ಸ್ವೀಡನ್ನಿನ ನಿಲ್ಸ್ ಲೋಫ್‌ಗ್ರೆನ್ ತಯಾರಿಸಿದ ಲಿಗ್ನೊಕೇನ್ ಇಂದಿಗೂ ನಮ್ಮೂರಿನ ಪ್ರತಿ ಡೆಂಟಲ್ ಕ್ಲಿನಿಕ್ಕಿನಲ್ಲಿದೆ.

ನರವೆಂದರೆ ಒಂದು ತಂತಿ ಎಂದುಕೊಳ್ಳಿ. ಸೋಡಿಯಂ ಅಯಾನುಗಳು ನರದ ಗೋಡೆಯ ಬಾಗಿಲುಗಳ ಮೂಲಕ ಒಳನುಗ್ಗಿದಾಗ ನೋವಿನ ಸಂಕೇತ ಮುಂದೆ ಹರಿಯುತ್ತದೆ. ಲಿಗ್ನೊಕೇನ್ ಆ ಬಾಗಿಲುಗಳನ್ನು ಸ್ವಲ್ಪ ಹೊತ್ತು ಮುಚ್ಚಿಬಿಡುತ್ತದೆ. ಹಲ್ಲಿನಲ್ಲಿ ಏನಾಗುತ್ತಿದೆ ಎಂಬ ಸುದ್ದಿ ಮಿದುಳಿಗೆ ತಲುಪುವುದೇ ಇಲ್ಲ. ಜೊತೆಗೆ ಬೆರೆಸುವ ಚೂರು ಅಡ್ರಿನಲಿನ್ ಅಲ್ಲಿನ ರಕ್ತನಾಳಗಳನ್ನು ಕುಗ್ಗಿಸಿ, ಔಷಧಿ ಬೇಗ ಕೊಚ್ಚಿಹೋಗದಂತೆ ತಡೆಯುತ್ತದೆ. ಕೆಳದವಡೆಯ ನರಕ್ಕೆ ಸರಿಯಾಗಿ ಇಂಜೆಕ್ಷನ್ ಕೊಟ್ಟರೆ ಅರ್ಧ ತುಟಿಯೇ ಜೋಮು ಹಿಡಿಯುತ್ತದೆ. ರೋಗಿ ಎಚ್ಚರವಾಗಿರುತ್ತಾನೆ, ತಾನೇ ಉಸಿರಾಡುತ್ತಾನೆ, 'ನೋವಾಗ್ತಿದೆ' ಎಂದು ಕೈ ಎತ್ತಬಲ್ಲ. ಹಲ್ಲು ಕೀಳುವುದು, ರೂಟ್ ಕೆನಾಲ್, ಬುದ್ಧಿಹಲ್ಲು ಎಲ್ಲವೂ ನಮ್ಮಲ್ಲಿ ಬಹುಪಾಲು ನಡೆಯುವುದು ಹೀಗೆಯೇ. ರೀಲ್ಸ್‌ನ ಹುಡುಗನಿಗೆ ಕೊಟ್ಟದ್ದು ರಕ್ತನಾಳದ ಮೂಲಕ ಮಂಪರು ಬರಿಸುವ ಔಷಧಿ ಅಥವಾ ಪೂರ್ತಿ ಅರಿವಳಿಕೆ. ಬುದ್ಧಿಹಲ್ಲಿಗೆ ಅದು ಅಮೆರಿಕದಲ್ಲಿ ಸಾಮಾನ್ಯ, ಇಲ್ಲಿ ಅಪರೂಪ.

ನಡುವೆ ಇನ್ನೊಂದು ಮೆಟ್ಟಿಲೂ ಇದೆ. ವೆಲ್ಸ್ ಬಳಸಿದ ಅದೇ ನೈಟ್ರಸ್ ಆಕ್ಸೈಡನ್ನು ಆಮ್ಲಜನಕದ ಜೊತೆ ಬೆರೆಸಿ ಮೂಗಿನ ಮಾಸ್ಕಿನಲ್ಲಿ ಕೊಟ್ಟರೆ ಭಯ ಇಳಿಯುತ್ತದೆ, ಆದರೆ ಪ್ರಜ್ಞೆ ಇರುತ್ತದೆ, ಹೇಳಿದ ಮಾತು ಕೇಳಿಸುತ್ತದೆ. ಹೆದರುವ ಮಕ್ಕಳಿಗೆ ಮಕ್ಕಳ ದಂತವೈದ್ಯರು ಮೊದಲು ಯೋಚಿಸುವುದು ಇದನ್ನೇ.

ಹಾಗಾದರೆ ಪೂರ್ತಿ ನಿದ್ದೆ ಯಾರಿಗೆ?

ಮೊದಲನೆಯದಾಗಿ, ಬಾಯಿ ತುಂಬ ಹುಳುಕು ಹಲ್ಲುಗಳಿರುವ ತೀರಾ ಚಿಕ್ಕ ಮಕ್ಕಳು. ಮೂರು ವರ್ಷದ ಮಗುವನ್ನು ಹತ್ತು ಸಲ ಕುರ್ಚಿಯಲ್ಲಿ ಕೂರಿಸಲಾಗುವುದಿಲ್ಲ. ಎರಡನೆಯದು, ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ನ್ಯೂನತೆ ಇರುವವರು. ಇವರಲ್ಲಿ ಹಲವರಿಗೆ ಬಾಯಿ ತೆರೆದು ಅಲುಗಾಡದೆ ಕೂರುವುದೇ ಆಗದ ಕೆಲಸ. ಮೂರನೆಯದು, ಅಪಘಾತದಲ್ಲಿ ದವಡೆ ಮುರಿದವರು. ನಮ್ಮ ವಯಸ್ಸಿನ ಹೆಲ್ಮೆಟ್ ಹಾಕದ ಬೈಕ್ ಸವಾರರು ಈ ಪಟ್ಟಿಗೆ ಸೇರುತ್ತಾರೆ. ನಾಲ್ಕನೆಯದು, ಸೋಂಕು ಹಲ್ಲಿನ ಬೇರಿನಿಂದ ಗಂಟಲ ಕಡೆಗೆ ಹರಡಿದವರು.

ಈ ನಾಲ್ಕನೆಯದರ ಬಗ್ಗೆ ಎರಡು ಮಾತು ಹೆಚ್ಚು ಹೇಳಬೇಕು. ಕೀವು ತುಂಬಿದ ಜಾಗ ಆಮ್ಲೀಯವಾಗಿರುತ್ತದೆ. ಆಮ್ಲೀಯ ವಾತಾವರಣದಲ್ಲಿ ಲಿಗ್ನೊಕೇನ್ ನರದ ಪೊರೆ ದಾಟಿ ಒಳಹೋಗುವುದು ಕಷ್ಟ. ಹಾಗಾಗಿಯೇ 'ಎಷ್ಟು ಇಂಜೆಕ್ಷನ್ ಕೊಟ್ರೂ ನೋವು ಹೋಗ್ಲಿಲ್ಲ' ಎಂದು ಕೆಲವರು ಹೇಳುವುದು. ಕೆಳದವಡೆಯ ಸೋಂಕು ನಾಲಿಗೆಯ ಅಡಿಗೆ, ಕತ್ತಿಗೆ ಇಳಿದರೆ ನಾಲಿಗೆ ಮೇಲೆದ್ದು ಉಸಿರಿನ ದಾರಿಯೇ ಮುಚ್ಚಬಹುದು. 1836ರಲ್ಲಿ ಇದನ್ನು ವಿವರಿಸಿದ ಜರ್ಮನ್ ವೈದ್ಯನ ಹೆಸರಿನಲ್ಲಿ ಇದಕ್ಕೆ ಲುಡ್ವಿಗ್ಸ್ ಆಂಜೈನಾ ಎನ್ನುತ್ತಾರೆ. ಹಲ್ಲುನೋವಿಗೆ ಮೆಡಿಕಲ್ ಶಾಪಿನ ಮಾತ್ರೆ ನುಂಗಿಕೊಂಡು ಪರೀಕ್ಷೆ ಮುಗಿಯಲಿ ಎಂದು ಕಾಯುವ ಹಾಸ್ಟೆಲ್ ಗೆಳೆಯರು ಇದನ್ನು ತಿಳಿದಿರಬೇಕು. ಕತ್ತು ಊದಿ, ನುಂಗಲು ಕಷ್ಟವಾಗಿ, ಬಾಯಿ ತೆರೆಯಲು ಬರದಿದ್ದರೆ ಅದು ಆಸ್ಪತ್ರೆಗೆ ಓಡುವ ಹೊತ್ತು.

ಗುಟ್ಕಾ, ಅಡಿಕೆ ಜಗಿಯುವವರಿಗೂ ಒಂದು ಕಿವಿಮಾತು. ವರ್ಷಗಟ್ಟಲೆ ಜಗಿದರೆ ಬಾಯಿಯ ಒಳಚರ್ಮ ಗಟ್ಟಿಯಾಗಿ, ಎರಡು ಬೆರಳು ತೂರಿಸಲೂ ಬಾಯಿ ತೆರೆಯದ ಸ್ಥಿತಿ ಬರುತ್ತದೆ. ಅಂಥವರಿಗೆ ಯಾವ ಶಸ್ತ್ರಚಿಕಿತ್ಸೆ ಬೇಕಾದರೂ ಅರಿವಳಿಕೆ ತಜ್ಞರಿಗೆ ಉಸಿರಿನ ಕೊಳವೆ ಹಾಕುವುದೇ ದೊಡ್ಡ ಸವಾಲು.

ಪುಟ್ಟುವಿನ ಬಾಯಿ

ಚಿಕ್ಕಮ್ಮನ ಮಗನನ್ನು ಮನೆಯಲ್ಲಿ ಕರೆಯುವಂತೆ ಪುಟ್ಟು ಎಂದೇ ಕರೆಯುತ್ತೇನೆ. ಅವನಿಗೆ ಆಟಿಸಂ ಇದೆ, ಮಾತು ಇಲ್ಲ. ಬೇಕಾದ್ದನ್ನು ಕೈ ಹಿಡಿದು ಎಳೆದುಕೊಂಡು ಹೋಗಿ ತೋರಿಸುತ್ತಾನೆ. ಬ್ರಷ್ ಬಾಯಿಗೆ ತಾಗಿದರೆ ಅವನಿಗೆ ತಡೆಯಲಾಗದು, ಪೇಸ್ಟಿನ ಖಾರವಂತೂ ಆಗುವುದೇ ಇಲ್ಲ. ಅವನು ತಿನ್ನಲು ಒಪ್ಪುವುದು ನಾಲ್ಕೈದು ಪದಾರ್ಥ ಮಾತ್ರ, ಅದರಲ್ಲಿ ಎರಡು ಬಿಸ್ಕತ್ತು. ಹಲ್ಲು ಹುಳುಕಾದದ್ದರಲ್ಲಿ ಆಶ್ಚರ್ಯವೇನೂ ಇರಲಿಲ್ಲ.

ಕಷ್ಟವೆಂದರೆ, ನೋವು ಎಂದು ಹೇಳಲು ಅವನಿಗೆ ಬರುವುದಿಲ್ಲ. ಕೆನ್ನೆಗೆ ತಾನೇ ಹೊಡೆದುಕೊಳ್ಳಲು ಶುರುಮಾಡಿದ. ರಾತ್ರಿ ನಿದ್ದೆ ಮಾಡುತ್ತಿರಲಿಲ್ಲ. ಇಷ್ಟದ ಬಿಸ್ಕತ್ತನ್ನೂ ಒಂದು ಕಡೆಯಿಂದ ಕಚ್ಚಿ ಬಿಸಾಡುತ್ತಿದ್ದ. 'ಹಠ ಜಾಸ್ತಿಯಾಗಿದೆ' ಎಂದು ಎಲ್ಲರೂ ಅಂದುಕೊಂಡಿದ್ದಾಗ, ಕೆನ್ನೆ ಊದಿದ್ದನ್ನು ನೋಡಿ ಹಲ್ಲು ಎಂದು ಕಂಡುಕೊಂಡದ್ದು ಅವನ ಅಜ್ಜಿ, ಅಂದರೆ ನನ್ನ ಅಮ್ಮಮ್ಮ.

ಊರಿನ ಒಂದು ಕ್ಲಿನಿಕ್ಕಿನಲ್ಲಿ 'ನಾಲ್ಕು ಜನ ಗಟ್ಟಿಯಾಗಿ ಹಿಡ್ಕೊಳ್ಳಿ, ಎರಡು ನಿಮಿಷದ ಕೆಲಸ' ಎಂದರು. ಚಿಕ್ಕಪ್ಪ, ಮಾವ ಸೇರಿ ಹಿಡಿದರು. ಇಂಜೆಕ್ಷನ್ ನೋಡಿದವನೇ ಪುಟ್ಟು ಮೈಯನ್ನೆಲ್ಲ ಬಿಲ್ಲಿನಂತೆ ಬಗ್ಗಿಸಿ ಚೀರಿದ. ಹಲ್ಲು ಬರಲಿಲ್ಲ. ಆಮೇಲೆ ಎರಡು ತಿಂಗಳು ಬಿಳಿ ಕೋಟು ಹಾಕಿದ ಯಾರನ್ನು ಕಂಡರೂ, ಮೆಡಿಕಲ್ ಶಾಪಿನವರನ್ನು ಕಂಡರೂ ಓಡುತ್ತಿದ್ದ. ಇನ್ನೊಂದು ಕ್ಲಿನಿಕ್ಕಿನಲ್ಲಿ 'ಇಂಥ ಮಕ್ಕಳಿಗೆ ಇಲ್ಲಿ ಆಗಲ್ಲ' ಎಂದು ಬಾಗಿಲಲ್ಲೇ ಹೇಳಿದರು. ದೊಡ್ಡ ಖಾಸಗಿ ಆಸ್ಪತ್ರೆಯೊಂದು ಹೇಳಿದ ಮೊತ್ತ, ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುವ ಚಿಕ್ಕಪ್ಪನ ಮೂರು ತಿಂಗಳ ಸಂಬಳಕ್ಕಿಂತ ಹೆಚ್ಚಿತ್ತು. ಮನೆಯ ಆರೋಗ್ಯ ವಿಮೆಯವರು, ಅಪಘಾತದಿಂದ ಆದದ್ದಲ್ಲದಿದ್ದರೆ ಹಲ್ಲಿನ ಚಿಕಿತ್ಸೆಗೆ ದುಡ್ಡು ಬರುವುದಿಲ್ಲ ಎಂದರು.

ಕೊನೆಗೆ ದಾರಿ ಸಿಕ್ಕಿದ್ದು ಒಂದು ಡೆಂಟಲ್ ಕಾಲೇಜಿನ ಆಸ್ಪತ್ರೆಯಲ್ಲಿ. ಅಲ್ಲಿನ ಮಕ್ಕಳ ದಂತವೈದ್ಯೆ ಮೊದಲ ದಿನ ಪುಟ್ಟುವನ್ನು ಮುಟ್ಟಲೇ ಇಲ್ಲ. ಕೋಟು ಬಿಚ್ಚಿಟ್ಟು, ನೆಲದ ಮೇಲೆ ಕೂತು, ಅವನ ಜೊತೆ ಚಕ್ರ ತಿರುಗಿಸುತ್ತಾ ದೂರದಿಂದಲೇ ಬಾಯಿ ನೋಡಿದರು. 'ಎಂಟು ಹಲ್ಲಿನ ಕೆಲಸ ಇರೋ ಹಾಗಿದೆ. ಒಂದೇ ಸಲ ಮಲಗಿಸಿ ಎಲ್ಲ ಮುಗಿಸೋಣ. ಹಿಡಿದು ಮಾಡಿದ್ರೆ ಇವನು ಜೀವನಪೂರ್ತಿ ಡಾಕ್ಟರ್ ಹತ್ರ ಬರಲ್ಲ' ಎಂದರು. ಆ ಮಾತಿನಲ್ಲಿ ನನ್ನ ಪ್ರಶ್ನೆಗೆ ಉತ್ತರವಿತ್ತು. ನೋವನ್ನು ತಡೆಯಲು ಇಂಜೆಕ್ಷನ್ ಸಾಕು. ಭಯವನ್ನು ಅರ್ಥಮಾಡಿಸಲು ಮಾತು ಬೇಕು. ಆ ಮಾತು ತಲುಪದ ಮಗುವಿಗೆ ಪೂರ್ತಿ ನಿದ್ದೆಯೇ ಕರುಣೆ.

ಆ ಎರಡೂವರೆ ಗಂಟೆ

ಮೊದಲು ರಕ್ತಪರೀಕ್ಷೆ, ಎದೆಯ ತಪಾಸಣೆ. ನೆಗಡಿ ಇದ್ದದ್ದರಿಂದ ಒಂದು ಸಲ ದಿನ ಮುಂದೂಡಿದರು. ಶ್ವಾಸನಾಳ ಕೆರಳಿರುವಾಗ ಅರಿವಳಿಕೆ ಕೊಡುವುದು ಮಕ್ಕಳಿಗೆ ಒಳ್ಳೆಯದಲ್ಲವಂತೆ. ಆಪರೇಷನ್‌ಗೆ ಆರು ಗಂಟೆ ಮೊದಲಿನಿಂದ ಊಟ, ತಿಂಡಿ ಬಂದ್. ಎರಡು ಗಂಟೆ ಮೊದಲಿನವರೆಗೆ ನೀರು ಮಾತ್ರ. ಪ್ರಜ್ಞೆ ಇಲ್ಲದಾಗ ಹೊಟ್ಟೆಯಲ್ಲಿರುವುದು ಗಂಟಲಿಗೆ ಬಂದು ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಕುತ್ತು. ಇದನ್ನು ಪುಟ್ಟುವಿಗೆ ತಿಳಿಸಿ ಹೇಳುವುದು ಹೇಗೆ? ಹಿಂದಿನ ರಾತ್ರಿಯೇ ಚಿಕ್ಕಮ್ಮ ಬಿಸ್ಕತ್ತಿನ ಡಬ್ಬಿಯನ್ನು ಪಕ್ಕದ ಮನೆಗೆ ಸಾಗಿಸಿದ್ದರು.

ಮೊದಲು ಮಂಪರಿನ ಸಿರಪ್ ಕುಡಿಸಿದರು. ಕಣ್ಣು ಭಾರವಾದ ಮೇಲೆ ಚಿಕ್ಕಮ್ಮನ ತೊಡೆಯ ಮೇಲಿದ್ದಂತೆಯೇ ಮಾಸ್ಕ್ ಹಿಡಿದು, ಸೆವೊಫ್ಲೂರೇನ್ ಎಂಬ ಸಿಹಿ ವಾಸನೆಯ ಅನಿಲ ಕೊಟ್ಟರು. ಕೈಗೆ ಸೂಜಿ ಚುಚ್ಚಿದ್ದು ಅವನಿಗೆ ನಿದ್ದೆ ಬಂದ ಮೇಲೆ. ಆಮೇಲೆ ಚಿಕ್ಕಮ್ಮನನ್ನು ಹೊರಗೆ ಕಳಿಸಿದರು. ನಾನು ಕಾರಿಡಾರಿನಲ್ಲಿ ಫೈಲು ಹಿಡಿದು ಕೂತಿದ್ದೆ. ಎರಡೂವರೆ ಗಂಟೆ ಚಿಕ್ಕಪ್ಪ ಒಂದು ಮಾತೂ ಆಡಲಿಲ್ಲ, ನೀರೂ ಕುಡಿಯಲಿಲ್ಲ.

ಒಳಗೆ ಏನಾಯಿತು ಎಂಬುದನ್ನು ಆಮೇಲೆ ಥಿಯೇಟರ್ ಟೆಕ್ನಿಷಿಯನ್ ಒಬ್ಬರು ನನಗೆ ವಿವರಿಸಿದರು. ಹಲ್ಲಿನ ಚಿಕಿತ್ಸೆಯಲ್ಲಿ ವಿಚಿತ್ರ ಪೈಪೋಟಿಯೊಂದಿದೆ. ದಂತವೈದ್ಯರಿಗೂ ಅರಿವಳಿಕೆ ತಜ್ಞರಿಗೂ ಬೇಕಾದ್ದು ಒಂದೇ ಜಾಗ, ಬಾಯಿ. ಹಾಗಾಗಿ ಉಸಿರಿನ ಕೊಳವೆಯನ್ನು ಸಾಮಾನ್ಯವಾಗಿ ಮೂಗಿನ ಮೂಲಕ ಇಳಿಸುತ್ತಾರೆ. ಹಲ್ಲಿನ ಚೂರು, ರಕ್ತ, ನೀರು ಕೆಳಗಿಳಿಯದಂತೆ ಗಂಟಲಿಗೆ ಗಾಜ್ ಬಟ್ಟೆ ಇಡುತ್ತಾರೆ. ಇಟ್ಟದ್ದನ್ನು ಬೋರ್ಡಿನ ಮೇಲೆ ಬರೆಯುತ್ತಾರೆ, ತೆಗೆದಾಗ ಎಲ್ಲರಿಗೂ ಕೇಳುವಂತೆ ಹೇಳುತ್ತಾರೆ. ಮರೆತು ಕೊಳವೆ ತೆಗೆದರೆ ಅದೇ ಬಟ್ಟೆ ಉಸಿರುಕಟ್ಟಿಸುತ್ತದೆ.

ನಾಲ್ಕು ಹಲ್ಲು ಕಿತ್ತರು, ಮೂರಕ್ಕೆ ಫಿಲ್ಲಿಂಗ್, ಒಂದಕ್ಕೆ ಬೇರಿನ ಚಿಕಿತ್ಸೆ ಮಾಡಿ ಸ್ಟೀಲ್ ಕ್ಯಾಪ್. ಎಚ್ಚರವಾಗುವಾಗ ಪುಟ್ಟು ಇಪ್ಪತ್ತು ನಿಮಿಷ ಜೋರಾಗಿ ಅತ್ತ. ಮಕ್ಕಳಲ್ಲಿ ಇದು ಆಗುತ್ತದೆ, ತಾನೇ ಇಳಿಯುತ್ತದೆ ಎಂದು ಮೊದಲೇ ಹೇಳಿದ್ದರಿಂದ ನಾವು ಗಾಬರಿಯಾಗಲಿಲ್ಲ. ಸಂಜೆ ಮನೆಗೆ ಕಳಿಸಿದರು. ಮೂರನೇ ದಿನ ಅವನು ಚಿಕ್ಕಮ್ಮನ ಕೈ ಹಿಡಿದು ಎಳೆದುಕೊಂಡು ಹೋಗಿ ಡಬ್ಬಿ ಇರುತ್ತಿದ್ದ ಕಪಾಟು ತೋರಿಸಿದ. ಕೆನ್ನೆಗೆ ಹೊಡೆದುಕೊಳ್ಳುವುದು ನಿಂತಿತ್ತು.

ಎಂಜಿನಿಯರ್ ಕಣ್ಣಿಗೆ ಕಂಡದ್ದು

ಟೆಕ್ನಿಷಿಯನ್ ತೋರಿಸಿದ ಅರಿವಳಿಕೆ ಯಂತ್ರ ನನ್ನನ್ನು ಹಿಡಿದು ನಿಲ್ಲಿಸಿತು. 1917ರಲ್ಲಿ ಬಾಯ್ಲ್ ಎಂಬ ಬ್ರಿಟಿಷ್ ವೈದ್ಯ ರೂಪಿಸಿದ ಯಂತ್ರದ ನೆನಪಿಗೆ ಹಳಬರು ಅದನ್ನು ಈಗಲೂ 'ಬಾಯ್ಲ್ಸ್' ಎನ್ನುತ್ತಾರೆ. ಆಮ್ಲಜನಕದ ಸಿಲಿಂಡರನ್ನು ಕೂರಿಸುವ ಜಾಗದಲ್ಲಿ ಎರಡು ಪಿನ್‌ಗಳಿವೆ. ನೈಟ್ರಸ್ ಆಕ್ಸೈಡ್ ಜಾಗದಲ್ಲೂ ಎರಡಿವೆ, ಆದರೆ ಅಂತರ ಬೇರೆ. ನಿದ್ದೆಗಣ್ಣಿನಲ್ಲಿ ಯಾರಾದರೂ ಒಂದರ ಜಾಗಕ್ಕೆ ಇನ್ನೊಂದನ್ನು ತಂದರೂ ಅದು ಕೂರುವುದೇ ಇಲ್ಲ. ನೈಟ್ರಸ್ ಆಕ್ಸೈಡನ್ನು ಎಷ್ಟೇ ತಿರುಗಿಸಿದರೂ ಆಮ್ಲಜನಕ ಒಂದು ಮಿತಿಗಿಂತ ಕೆಳಗಿಳಿಯದಂತೆ ಎರಡನ್ನೂ ಜೋಡಿಸಿಟ್ಟಿರುತ್ತಾರೆ. ಮನುಷ್ಯ ತಪ್ಪು ಮಾಡಿಯೇ ಮಾಡುತ್ತಾನೆ ಎಂದು ಒಪ್ಪಿಕೊಂಡು ಮಾಡಿದ ವಿನ್ಯಾಸ ಇದು. ಕ್ಲಾಸಿನಲ್ಲಿ 'ಫೇಲ್ ಸೇಫ್' ಎಂದು ಐದು ಅಂಕಕ್ಕೆ ಬರೆಯುತ್ತಿದ್ದ ಉತ್ತರಕ್ಕೆ ಅಲ್ಲಿ ಅರ್ಥ ಬಂತು.

ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರ್ ಕೋವಿಡ್ ಕಾಲದಲ್ಲಿ ಮನೆಮನೆಗೂ ಬಂತು. ನಮ್ಮ ಕಾಲೇಜಿನಲ್ಲಿ ಆರ್ಡುಯಿನೊ ಜೊತೆ ಅಗ್ಗದ ಸೆನ್ಸರ್ ಸೇರಿಸಿ ಇದನ್ನೇ ಮಿನಿ ಪ್ರಾಜೆಕ್ಟ್ ಮಾಡುವವರು ಪ್ರತಿ ವರ್ಷ ಇರುತ್ತಾರೆ. ಅದರ ತತ್ವ ಕಂಡುಹಿಡಿದದ್ದು ಜಪಾನಿನ ಟಕುವೊ ಅಯೊಯಾಗಿ ಎಂಬ ಎಲೆಕ್ಟ್ರಿಕಲ್ ಎಂಜಿನಿಯರ್, 1970ರ ದಶಕದ ಆರಂಭದಲ್ಲಿ. ಅವರು ಅಳೆಯಲು ಹೊರಟದ್ದು ಹೃದಯ ಎಷ್ಟು ರಕ್ತ ಪಂಪ್ ಮಾಡುತ್ತದೆ ಎಂಬುದನ್ನು. ನಾಡಿಬಡಿತ ಅವರ ಸಿಗ್ನಲ್‌ನಲ್ಲಿ ಕಿರಿಕಿರಿ ಮಾಡುತ್ತಿತ್ತು. ಆ ಕಿರಿಕಿರಿಯನ್ನು ಅಳಿಸಲು ಹೋದಾಗ ಅದರೊಳಗೇ ಆಮ್ಲಜನಕದ ಮಾಹಿತಿ ಅಡಗಿದೆ ಎಂದು ಹೊಳೆಯಿತು. ಕೆಂಪು ಮತ್ತು ಅವಕೆಂಪು ಎರಡು ಬೆಳಕುಗಳನ್ನು ಬೆರಳಿನ ಮೂಲಕ ಹಾಯಿಸಿ, ಯಾವುದು ಎಷ್ಟು ಹೀರಲ್ಪಟ್ಟಿತು ಎಂಬ ಅನುಪಾತದಿಂದ ಲೆಕ್ಕ ಹಾಕುವುದು ಅಷ್ಟೇ.

ಆದರೆ ಅರಿವಳಿಕೆಯಲ್ಲಿ ಅದೊಂದೇ ಸಾಲದು. ಉಸಿರು ನಿಂತರೂ ರಕ್ತದಲ್ಲಿನ ಆಮ್ಲಜನಕ ಇಳಿಯಲು ಸ್ವಲ್ಪ ಹೊತ್ತು ಬೇಕು. ಬಿಟ್ಟ ಉಸಿರಿನ ಕಾರ್ಬನ್ ಡೈಆಕ್ಸೈಡನ್ನು ಅಳೆಯುವ ಕ್ಯಾಪ್ನೊಗ್ರಾಫ್ ಆ ಕ್ಷಣದಲ್ಲೇ ಗೆರೆ ಚಪ್ಪಟೆ ಮಾಡಿ ತೋರಿಸುತ್ತದೆ.

ಅಪಾಯ ಎಲ್ಲಿದೆ?

ಇಂದು ತರಬೇತಾದ ತಂಡ, ಸರಿಯಾದ ಉಪಕರಣ ಇರುವ ಕಡೆ ಆರೋಗ್ಯವಂತ ಮಗುವಿಗೆ ಅರಿವಳಿಕೆ ತುಂಬಾ ಸುರಕ್ಷಿತ. ಈ ವಾಕ್ಯದ ಮೊದಲರ್ಧವನ್ನು ಮರೆತರೆ ಕಷ್ಟ. 2015ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕೇಲಬ್ ಎಂಬ ಆರು ವರ್ಷದ ಹುಡುಗ ಒಂದು ಹಲ್ಲು ಕೀಳಿಸಲು ಹೋಗಿ ಮೃತಪಟ್ಟ. ಅಲ್ಲಿ ಅರಿವಳಿಕೆಯ ಹೊಣೆ ಹೊತ್ತವರೂ ಹಲ್ಲು ಕೀಳುತ್ತಿದ್ದವರೂ ಒಬ್ಬರೇ. ಮರುವರ್ಷ ಅವನ ಹೆಸರಿನಲ್ಲೇ ಕಾಯ್ದೆ ಬಂತು. ಅರಿವಳಿಕೆಯನ್ನು ಯಾರು, ಎಲ್ಲಿ ಕೊಡುತ್ತಾರೆ ಎಂಬುದರ ಮೇಲೆ ಅಪಾಯ ಬದಲಾಗಬಹುದು ಎಂದು ತಂದೆತಾಯಿಗೆ ಬರವಣಿಗೆಯಲ್ಲಿ ತಿಳಿಸಬೇಕು ಎಂದಿತು. 2019ರಲ್ಲಿ ಅಮೆರಿಕದ ಮಕ್ಕಳ ವೈದ್ಯರ ಮತ್ತು ಮಕ್ಕಳ ದಂತವೈದ್ಯರ ಸಂಘಟನೆಗಳು ಸೇರಿ, ಕ್ಲಿನಿಕ್ಕಿನಲ್ಲಿ ಆಳವಾದ ಮಂಪರು ಅಥವಾ ಅರಿವಳಿಕೆ ಕೊಡುವಾಗ ಅದನ್ನು ನೋಡಿಕೊಳ್ಳಲೆಂದೇ ಬೇರೊಬ್ಬ ಪರಿಣತರಿರಬೇಕು ಎಂದವು. ಬ್ರಿಟನ್ ಇನ್ನೂ ಮೊದಲೇ ಎಚ್ಚೆತ್ತಿತ್ತು. 2001ರ ಕೊನೆಯಿಂದ ಅಲ್ಲಿ ಹಲ್ಲಿನ ಚಿಕಿತ್ಸೆಗೆ ಸಂಪೂರ್ಣ ಅರಿವಳಿಕೆಯನ್ನು ತುರ್ತು ನಿಗಾ ಸೌಲಭ್ಯವಿರುವ ಆಸ್ಪತ್ರೆಯಲ್ಲೇ ಕೊಡಬೇಕು.

ಮಕ್ಕಳ ಮಿದುಳಿಗೆ ತೊಂದರೆಯೇ ಎಂಬುದು ಚಿಕ್ಕಮ್ಮನ ದೊಡ್ಡ ಚಿಂತೆಯಾಗಿತ್ತು. ಮೂರು ವರ್ಷದೊಳಗಿನ ಮಕ್ಕಳಿಗೆ ಮೂರು ಗಂಟೆಗೂ ಹೆಚ್ಚು ಹೊತ್ತು ಅಥವಾ ಪದೇ ಪದೇ ಕೊಡುವಾಗ ಯೋಚಿಸಿ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2016ರಲ್ಲಿ ಎಚ್ಚರಿಸಿದೆ. ಹಸುಗೂಸುಗಳಿಗೆ ಒಂದು ಸಲ, ಒಂದು ಗಂಟೆಗಿಂತ ಕಡಿಮೆ ಅರಿವಳಿಕೆ ಕೊಟ್ಟು ಐದನೇ ವರ್ಷದಲ್ಲಿ ಪರೀಕ್ಷಿಸಿದ ಅಂತರರಾಷ್ಟ್ರೀಯ ಅಧ್ಯಯನವೊಂದರಲ್ಲಿ ಬುದ್ಧಿಮಟ್ಟದಲ್ಲಿ ವ್ಯತ್ಯಾಸ ಕಾಣಲಿಲ್ಲ. ಅದು ಪ್ರಕಟವಾದದ್ದು 2019ರಲ್ಲಿ. ಒಂದೇ ಸಲದಲ್ಲಿ ಎಲ್ಲ ಹಲ್ಲು ಮುಗಿಸುವ ಯೋಚನೆಗೆ ಇದೂ ಒಂದು ಕಾರಣ.

ನಿಮ್ಮ ಮನೆಯಲ್ಲಿ ಯಾರಿಗಾದರೂ ಇದು ಬೇಕಾದರೆ ಈ ಪ್ರಶ್ನೆಗಳನ್ನು ಸಂಕೋಚವಿಲ್ಲದೆ ಕೇಳಿ. ಸ್ಥಳೀಯ ಅರಿವಳಿಕೆ ಅಥವಾ ನೈಟ್ರಸ್ ಆಕ್ಸೈಡಿನಲ್ಲಿ ಆಗುವುದಿಲ್ಲವೇ? ಅರಿವಳಿಕೆ ಕೊಡುವವರು ಅರಿವಳಿಕೆ ತಜ್ಞರೇ, ಕೊನೆಯವರೆಗೂ ಅವರು ಅಲ್ಲೇ ಇರುತ್ತಾರೆಯೇ? ಆಕ್ಸಿಮೀಟರ್ ಜೊತೆ ಕ್ಯಾಪ್ನೊಗ್ರಾಫ್ ಇದೆಯೇ? ಏನಾದರೂ ಹೆಚ್ಚುಕಡಿಮೆಯಾದರೆ ಐಸಿಯು ಎಷ್ಟು ದೂರ? ಎಲ್ಲ ಹಲ್ಲಿನ ಕೆಲಸ ಒಂದೇ ಸಲಕ್ಕೆ ಮುಗಿಯುತ್ತದೆಯೇ? ಇರುವ ಕಾಯಿಲೆ, ನುಂಗುವ ಮಾತ್ರೆ, ಸಿಗರೇಟು, ಗುಟ್ಕಾ ಯಾವುದನ್ನೂ ವೈದ್ಯರಿಂದ ಮುಚ್ಚಿಡಬೇಡಿ.

ಕೆಲಸ ಹುಡುಕುವವರಿಗೂ ಒಂದು ದಾರಿ

ಆ ಥಿಯೇಟರ್ ಟೆಕ್ನಿಷಿಯನ್ ಓದಿದ್ದು ಪಿಯುಸಿ ವಿಜ್ಞಾನದ ನಂತರ ಬಿಎಸ್ಸಿ ಅನಸ್ತೇಷಿಯಾ ಮತ್ತು ಆಪರೇಷನ್ ಥಿಯೇಟರ್ ಟೆಕ್ನಾಲಜಿ. ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದ ಕಾಲೇಜುಗಳಲ್ಲಿ ಇಂಥ ಕೋರ್ಸ್‌ಗಳಿವೆ. ವೈದ್ಯಕೀಯ ಸೀಟು ಸಿಗಲಿಲ್ಲವೆಂದು ವರ್ಷಗಟ್ಟಲೆ ನೀಟ್ ಬರೆಯುತ್ತಾ ಕೂತವರು ಇದರತ್ತಲೂ ಕಣ್ಣು ಹಾಯಿಸಬಹುದು. ಬಿಇಯಲ್ಲಿ ಮೆಡಿಕಲ್ ಎಲೆಕ್ಟ್ರಾನಿಕ್ಸ್, ಬಯೋಮೆಡಿಕಲ್ ಶಾಖೆಗಳಿವೆ. ದೊಡ್ಡ ಆಸ್ಪತ್ರೆಗಳಲ್ಲಿ ಯಂತ್ರಗಳನ್ನು ಪರೀಕ್ಷಿಸಿ ಸರಿಯಾಗಿಡಲು ಬಯೋಮೆಡಿಕಲ್ ಎಂಜಿನಿಯರ್‌ಗಳು ಬೇಕೇ ಬೇಕು. ಎಲ್ಲರೂ ಸಾಫ್ಟ್‌ವೇರ್ ಕ್ಯಾಂಪಸ್ ಇಂಟರ್‌ವ್ಯೂ ಸಾಲಿನಲ್ಲೇ ನಿಲ್ಲಬೇಕಿಲ್ಲ. ನಾನು ಏಳನೇ ಸೆಮಿಸ್ಟರ್ ಪ್ರಾಜೆಕ್ಟಿಗೆ ಕ್ಯಾಪ್ನೊಗ್ರಫಿಯ ವಿಷಯವನ್ನೇ ಆರಿಸಿಕೊಳ್ಳಬೇಕೆಂದಿದ್ದೇನೆ.

ಕೊನೆಯದಾಗಿ ಒಂದು ಬೇಡಿಕೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಆಟಿಸಂ ಇದೆ. ಕುಟುಂಬದ ಆದಾಯದ ಮಿತಿಗೆ ಒಳಪಟ್ಟು ಹತ್ತಿರದಲ್ಲೇ ಉಚಿತ ಚಿಕಿತ್ಸೆ, ಚಿಕಿತ್ಸೆಯಲ್ಲಿ ಆದ್ಯತೆ ಎಂದು ಆ ಕಾಯ್ದೆ ಹೇಳುತ್ತದೆ. ನ್ಯಾಷನಲ್ ಟ್ರಸ್ಟ್‌ನ 'ನಿರಾಮಯ' ಯೋಜನೆಯಲ್ಲಿ ಇಂಥವರಿಗೆ ವರ್ಷಕ್ಕೆ ₹1 ಲಕ್ಷದವರೆಗೆ ವಿಮೆ ಇದೆ. ಹಲ್ಲಿನ ಯಾವ ಚಿಕಿತ್ಸೆ ಅದರಲ್ಲಿ ಸೇರುತ್ತದೆ ಎಂದು ಮೊದಲೇ ಕೇಳಿ ತಿಳಿಯಿರಿ. ಜಿಲ್ಲಾ ಆಸ್ಪತ್ರೆಗಳಲ್ಲಿ ದಂತವೈದ್ಯರಿದ್ದಾರೆ, ಅರಿವಳಿಕೆ ತಜ್ಞರಿದ್ದಾರೆ, ಥಿಯೇಟರ್ ಇದೆ. ಮೂವರೂ ಒಂದೇ ದಿನ ಒಂದೇ ಕೋಣೆಯಲ್ಲಿ ಸೇರುವುದಷ್ಟೇ ಬಾಕಿ. ತಿಂಗಳಿಗೆ ಎರಡು ದಿನ ಇಂಥ ಮಕ್ಕಳಿಗೆಂದೇ ಮೀಸಲಿಟ್ಟರೂ ಎಷ್ಟೋ ಮನೆಗಳ ನಿದ್ದೆಗೆಟ್ಟ ರಾತ್ರಿಗಳು ಕೊನೆಯಾದಾವು. ಚಿಕ್ಕಮ್ಮ ತಮ್ಮ ತಾಲ್ಲೂಕಿನ ವಿಶೇಷ ಮಕ್ಕಳ ಪೋಷಕರ ವಾಟ್ಸ್‌ಆ್ಯಪ್ ಗುಂಪಿನಿಂದ ಜಿಲ್ಲಾ ಆರೋಗ್ಯ ಅಧಿಕಾರಿಗೆ ಒಂದು ಮನವಿ ಸಿದ್ಧಪಡಿಸುತ್ತಿದ್ದಾರೆ. ಅದನ್ನು ಟೈಪ್ ಮಾಡುವ ಕೆಲಸ ನನ್ನದು. ಇಲ್ಲಿಯವರೆಗೆ ಮೂವತ್ತೊಂದು ಸಹಿ ಬಿದ್ದಿದೆ.